ನಲವತ್ತೊಂಬತ್ತು ಸಿಸಿ

ಪಾದ್ರಿ ಅನ್ಸೆಲ್ಮು ತೀರಿಕೊಂಡ ಮೇಲೆ
ಇಗರ್ಜಿಯ ಹಿಂದಿನ ಉಗ್ರಾಣ ಖಾಲಿ ಮಾಡಿದರು:
ಕಾಲು ಮುರಿದ ಬೆಂಚು, ಇಲಿ ತಿಂದ ಮೇಣದಬತ್ತಿ,
ತಲೆಯಿಲ್ಲದ ಒಬ್ಬ ಸಂತ,
ಸಂತನ ಬೆನ್ನಿಗೆ, ಕೋಳಿ ಕೂತೆದ್ದ ಗೋಣಿಯ ಕೆಳಗೆ, ಇದು.
ನೂರಿಪ್ಪತ್ತು ಯೂರೋ ಅಂದರು.
ಅಷ್ಟಕ್ಕೆ ಸಂತನನ್ನೂ ಸೇರಿಸಿ ಅಂದೆ.
ಸೇರಿಸಲಿಲ್ಲ.

ಗಾಡಿಗೆ ಐವತ್ತೆರಡು, ನನಗೆ ಎಪ್ಪತ್ತೊಂದು.
ತಂಗಿ ಎರ್ಮೆಲಿಂದಾ ಹೊಸಿಲಲ್ಲಿ ನಿಂತು
"ಮಂಡಿಗೆ ಮುಲಾಮು ಹಚ್ಚುವವಳಿಗೆ ಕಿಕ್ಕರು ಬೇರೆ ಕೇಡು" ಎಂದು
ಒಗೆದ ಬಟ್ಟೆಯ ಬಾಲ್ದಿ ಎತ್ತಿ ಒಳಗೆ ಹೋದಳು,
ಹೊಗೆ ಹತ್ತೀತೆಂದು.
ಹೊಗೆ ಎಲ್ಲಿತ್ತು? ಎರಡು ತಿಂಗಳು ಅದು ಕೆಮ್ಮಲೂ ಇಲ್ಲ.

ಅಡುಗೆಮನೆಯ ಮೇಜಿನ ಮೇಲೆ ಇಡೀ ಎಂಜಿನ್ನು ಹರಡಿದೆ.
ಇನ್ನೂ ಊಟದ ತಟ್ಟೆಗೆ ಜಾಗ ಮಿಕ್ಕಿತು.
ಪಿಸ್ಟನ್ನೋ, ಬೇಯಿಸಿದ ಮೊಟ್ಟೆ ನಿಲ್ಲಿಸುವ ಬಟ್ಟಲಿನಷ್ಟು.
ಹಲ್ಲುಜ್ಜುವ ಬ್ರಷ್ಷಿಗೆ ಸಾಬೂನು ಹಚ್ಚಿ
ಕಾರ್ಬ್ಯುರೇಟರಿನ ಕಿವಿ ಮೂಗು ತೊಳೆದೆ.
ಇದರಲ್ಲಿ ನನಗೆ ತಿಳಿಯದ ಮೂಲೆ ಒಂದೂ ಇಲ್ಲ.
ಹಾಗೆ ಹೇಳಲು ಇನ್ನೇನು ಉಳಿದಿದೆ ಈಗ,
ಬ್ಯಾಂಕಿನ ಕಾಗದವೇ, ನನ್ನ ಮೊಣಕಾಲೇ,
ಎರ್ಮೆಲಿಂದಾಳ ಮೌನವೇ.

ಮೂರನೆಯ ಶನಿವಾರ ಫ್ಲೈವೀಲು ಕಿತ್ತು ಬಂತು.
ಒಳಗೆ ಕಾಯಿಲು. ತಾಮ್ರದ ಎಳೆ, ಮೆರುಗು ಹೋಗಿಲ್ಲ.
ಕೊನೆಗೆ ದಾರದ ಗಂಟು.
ವೋಗಾ ನದಿಯ ದಂಡೆಯ ಕಾರ್ಖಾನೆಯಲ್ಲಿ
(ಈಗಲ್ಲಿ ಬಚ್ಚಲಮನೆಯ ಹಂಚು ಮಾರುತ್ತಾರೆ)
ಮೂವತ್ತು ಹುಡುಗಿಯರು ಸಾಲಾಗಿ ಕೂತು ಸುತ್ತುತ್ತಿದ್ದೆವು.
ಎಲ್ಲರ ಗಂಟೂ ಬಲಕ್ಕೆ ಮಲಗುತ್ತಿತ್ತು,
ನನ್ನದು ಎಡಕ್ಕೆ. ಮೇಸ್ತ್ರಿಯ ಅಡಿಕೋಲಿಗೆ
ನನ್ನ ಎಡಗೈ ಬೆರಳುಗಳ ಲೆಕ್ಕ ಬಾಯಿಪಾಠ.
ಈ ಗಂಟು ಎಡಕ್ಕೆ ಮಲಗಿದೆ.

ನನ್ನದೇ ಅನ್ನಲು ಬಾಯಿ ತೆರೆದೆ. ತಡೆದೆ.
ಸಾಲಿನ ತುದಿಗೆ ಇನ್ನೊಬ್ಬ ಎಡಚಿ ಇದ್ದಳು, ಫೆಲಿಸ್ಮಿನಾ,
ಉಗುರು ಕಚ್ಚುವವಳು.
ಸತ್ತು ಹದಿನಾರು ವರ್ಷ.
ಅವಳದ್ದೂ ಇರಬಹುದು.
ಯಾರದ್ದಾದರೇನು, ಪ್ಲಗ್ಗಿನ ಬಾಯಲ್ಲಿ ನೀಲಿ ಕಿಡಿ ಚಟ್ಟೆಂದಿತು.
ಸಾವಿರಗಟ್ಟಲೆ ಗಾಡಿಗಳಿಗೆ ನಾವಿಬ್ಬರೂ ಕಿಡಿ ಕಟ್ಟಿಕೊಟ್ಟವರು.
ಹ್ಯಾಂಡಲು ಹಿಡಿದಿದ್ದು ಅಣ್ಣಂದಿರು, ಗಂಡಂದಿರು.
ನಾವು ಹಿಂದೆ, ಒಂದೇ ಬದಿಗೆ ಕಾಲು ಇಳಿಬಿಟ್ಟು,
ಒಲೆಗೆ ಒಯ್ಯುವ ಸೌದೆಹೊರೆಯ ಹಾಗೆ.

ಈಗ ಕೆಫೆಯ ಮುಂದೆ ಇಸ್ಪೀಟು ಹಿಡಿದವರು
ತಿರುವಿನಾಚೆಯ ಸದ್ದಿಗೇ ಎಲೆ ಕೆಳಗಿಡುತ್ತಾರೆ.
ಮುಖ ನೋಡಿ ಅಲ್ಲ, ಹೊಗೆ ಮೂಸಿ ಕೈ ಬೀಸುತ್ತಾರೆ,
ಹದಿನೇಳರ ತಮಗೇ.
ಪೋರ್ಟೊ ಹೆದ್ದಾರಿಯ ಬಂಕಿನಲ್ಲಿ ಹೆಬ್ಬಂಡಿಯ ಹುಡುಗ ಕೇಳಿದ:
"ಎಷ್ಟು ಓಡುತ್ತೆ ಅಜ್ಜಿ?"
ಇಳಿಜಾರಲ್ಲಿ ಐವತ್ತೈದು. ಏರಿನಲ್ಲಿ
ನಾನು ಇಳಿದರೆ ನನ್ನ ಜೊತೆ ನಡೆದು ಬರುತ್ತೆ.
ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.
ಹಾಸಿಗೆಯಿದ್ದಷ್ಟೇ ಕಾಲು ಚಾಚುವ ಗಾಡಿ.
ಕೆಟ್ಟರೆ ತಳ್ಳಿಕೊಂಡು ಮನೆ ಸೇರಬಹುದು.
ಅದಕ್ಕಿಂತ ಭಾರದ್ದನ್ನು ಪ್ರೀತಿಸಿ
ನೋಡಿದ್ದೇನೆ. ಸಾಕು.

ನಿನ್ನೆ ಸೋಮವಾರ. ಬಸ್ಸಿನಲ್ಲಿ ಹೋಗಿ
ಮದ್ದಿನಂಗಡಿಯಿಂದ ಬಂದವಳು
ಅಭ್ಯಾಸಬಲದಿಂದ ಸಿಲಿಂಡರು ಸವರಿದೆ.
ಬಿಸಿ.
ಚಾವಿ ಅದೇ ಮೊಳೆಯಲ್ಲಿ, ಆದರೆ ತಿರುಗಮುರುಗ.
ಎರ್ಮೆಲಿಂದಾ ತಲೆಯೆತ್ತದೆ ಅವರೆ ಸುಲಿಯುತ್ತಿದ್ದಳು.
ಬಲಗಾಲಿನ ಚಪ್ಪಲಿಗೆ
ಅಡ್ಡಕ್ಕೊಂದು ಕರಿಯ ಗೀಟು.
ಸಿಪ್ಪೆಯ ಬುಟ್ಟಿ ನನ್ನ ಕಡೆ ಸರಿಸಿದಳು.
ಕೂತೆ. ನಾನೂ ಸುಲಿದೆ.